ಮೂವತ್ತಾರನೆಯ ಎಲೆ

ಮೇಸ್ತ್ರಿ ಜಪಾನಿಗೆ ಹೋಗಿರಲಿಲ್ಲ. ಹೋಗಿದ್ದೆನೆಂದು ಮೊದಲಿಗೆ ಬಾಯಿಬಿಟ್ಟು ಹೇಳಿದವನೂ ಅಲ್ಲ. ಕೇಳಿದವರ ಮುಂದೆ ಒಮ್ಮೆ ತಲೆಯಾಡಿಸಿದ್ದ, ಅಷ್ಟೇ. ಆದರೆ ಸುಳ್ಳು ನಾಲಗೆಯಿಂದಲೇ ಹುಟ್ಟಬೇಕೆಂದು ಯಾವ ಶಾಸ್ತ್ರವೂ ವಿಧಿಸಿಲ್ಲ. ಅದು ಕತ್ತಿನಿಂದಲೂ ಹುಟ್ಟಬಹುದು. ಹುಟ್ಟಿದ ಮೇಲೆ ಹೆತ್ತವನ ಹಂಗಿಲ್ಲದೆ ಬೆಳೆಯಲೂಬಹುದು.

ಹುಟ್ಟಿದ ಬಗೆ ಹೀಗೆ. ಅವನು ದುಡಿಯುತ್ತಿದ್ದ ಹೊಲಿಗೆ ಯಂತ್ರಗಳ ರಿಪೇರಿ ಅಂಗಡಿಗೆ ಹನ್ನೆರಡು ವರ್ಷಗಳ ಹಿಂದೆ ಒಬ್ಬ ಜಪಾನೀ ಇಂಜಿನಿಯರು ಬಂದು, ಹೊಸ ಮಾದರಿಯ ಯಂತ್ರವನ್ನು ಬಿಚ್ಚಿ ಕೂಡಿಸುವ ಕ್ರಮವನ್ನು ಆರು ದಿನ ತೋರಿಸಿಕೊಟ್ಟಿದ್ದ. ಮೇಸ್ತ್ರಿಯ ಪಾಲಿಗೆ ಬಂದದ್ದು ಕೈದೀಪ ಹಿಡಿಯುವ ಕೆಲಸ. ಹೊರಡುವಾಗ ಇಂಜಿನಿಯರು ಎಲ್ಲರಿಗೂ ತನ್ನ ಲಿಪಿಯಲ್ಲಿ ಅಚ್ಚಾದ, ಕೆಂಪು ಮುದ್ರೆಯೊತ್ತಿದ ಒಂದೊಂದು ಕಾಗದ ಕೊಟ್ಟ. ಉಳಿದವರು ಅದರಲ್ಲಿ ಸೂಜಿಗಳನ್ನು ಸುತ್ತಿಟ್ಟರು. ಮೇಸ್ತ್ರಿ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ.

"ಇದು ಜಪಾನಿಂದ ಬಂದಿದ್ದಾ?" ಎಂದು ಗಿರಾಕಿಯೊಬ್ಬಳು ಕೇಳಿದಳು. ಮೇಸ್ತ್ರಿ ತಲೆಯಾಡಿಸಿದ, ಅದು ಸತ್ಯವೇ ಆಗಿತ್ತು. "ಹಂಗಾದ್ರೆ ನೀವು ಅಲ್ಲಿಗೆ ಹೋಗಿ ಕಲಿತು ಬಂದ್ರಾ?" ಎಂದು ಅವಳು ಅದೇ ಉಸಿರಿನಲ್ಲಿ ಕೇಳಿದಳು. ಕಾಲನ್ನು ತೆಗೆದ ಮಾತ್ರಕ್ಕೆ ಹೊಲಿಗೆ ಯಂತ್ರದ ಚಕ್ರ ಥಟ್ಟನೆ ನಿಲ್ಲುವುದಿಲ್ಲ. ಎರಡು ಸುತ್ತು ಹೆಚ್ಚಾಗಿಯೇ ತಿರುಗುತ್ತದೆ. ಮೇಸ್ತ್ರಿಯ ತಲೆಗೂ ಅದೇ ನ್ಯಾಯ ಅನ್ವಯಿಸಿತು. ಆ ಎರಡು ಸುತ್ತು ಮೊದಲ ವರ್ಷ ಒಂದು ವಾರದ ಪ್ರವಾಸವಾಯಿತು, ನಾಲ್ಕನೆಯ ವರ್ಷ ಒಂದು ತಿಂಗಳಾಯಿತು; ಮಗಳು ಕಥೆ ಕೇಳುವ ವಯಸ್ಸಿಗೆ ಬಂದಾಗ ಹಿಮ, ರೈಲು, ಬೆಟ್ಟಗಳ ಸಹಿತ ಮೂರು ತಿಂಗಳಾಗಿ ಸ್ಥಿರಗೊಂಡಿತು. ಬೀದಿಯ ಮಕ್ಕಳು ಅವನನ್ನು ಜಪಾನ್ ಮಾಮ ಎಂದೇ ಕರೆಯುತ್ತಿದ್ದರು.

ಎಂಟು ವರ್ಷದ ಆ ಮಗಳು ಒಂದು ಸಂಜೆ ಶಾಲೆಯಿಂದ ಚೀಟಿಯೊಂದನ್ನು ತಂದಳು. "ಶುಕ್ರವಾರ ಮೂರನೆಯ ತರಗತಿಯ ಮಕ್ಕಳಿಗೆ ಜಪಾನೀ ಆಹಾರದ ಪರಿಚಯ. ನಡೆಸಿಕೊಡುವವರು: ನಮ್ಮ ವಿದ್ಯಾರ್ಥಿನಿಯ ತಂದೆ, ಜಪಾನಿನಲ್ಲಿ ತರಬೇತಿ ಪಡೆದವರು."

"ನಾನೇ ಕೈಯೆತ್ತಿ ಹೇಳ್ದೆ ಅಪ್ಪ!" ಎಂದಳು. "ಮಿಸ್ ಕೇಳಿದ್ರು, ನಿಮ್ಮಪ್ಪಂಗೆ ನಿಜವಾಗ್ಲೂ ಗೊತ್ತಾ ಅಂತ. ನಮ್ಮಪ್ಪಂಗೆ ಗೊತ್ತಿಲ್ದೇ ಇರೋದು ಯಾವ್ದೂ ಇಲ್ಲ ಮಿಸ್ ಅಂದೆ."

ಜಪಾನೀ ಊಟದ ವಿಷಯದಲ್ಲಿ ಮೇಸ್ತ್ರಿಗಿದ್ದ ಪ್ರತ್ಯಕ್ಷ ಜ್ಞಾನವೆಂದರೆ ಒಂದು ಬೆನ್ನು. ಆ ಇಂಜಿನಿಯರು ಆರು ದಿನವೂ ಮಧ್ಯಾಹ್ನ ಕಿಟಕಿಯ ಕಡೆ ಮುಖಮಾಡಿ, ತನ್ನ ಡಬ್ಬಿ ತೆರೆದು, ಒಬ್ಬನೇ ಉಣ್ಣುತ್ತಿದ್ದ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದಕ್ಕೆ ತರ್ಕಶಾಸ್ತ್ರ ಸಮ್ಮತಿಸುತ್ತದೆ. ಬೆನ್ನನ್ನು ಕಂಡು ಭೋಜನವನ್ನು ಊಹಿಸುವ ಮಾರ್ಗವನ್ನು ಮಾತ್ರ ಯಾವ ತಾರ್ಕಿಕನೂ ಇದುವರೆಗೆ ತೋರಿಸಿಕೊಟ್ಟಿಲ್ಲ.

ಅಡುಗೆಮನೆಯಲ್ಲಿ ಹೆಂಡತಿ ದನಿ ತಗ್ಗಿಸಿ ಹೇಳಿದಳು: "ಈಗ್ಲಾದ್ರೂ ಮಗು ಹತ್ರ ನಿಜ ಹೇಳ್ಬಿಡಿ. ಇನ್ನೂ ನಾಲ್ಕು ದಿನ ಇದೆ."

"ಹೇಳ್ತೀನಿ. ನಾಳೆ ಹೇಳ್ತೀನಿ."

"ನೀವು ನಾಳೆ ಅಂತ ಹೇಳೋದನ್ನ ಕೇಳಿ ಕೇಳಿ ನಂಗೆ ತಲೆಕೂದಲು ನರೆತಿದೆ."

ಒಳಕೋಣೆಯಿಂದ ಅತ್ತೆ ಗುಟುರು ಹಾಕಿದರು: "ಏನೇ ಅದು? ಅಳಿಯಂದಿರು ಮತ್ತೆ ಜಪಾನಿಗೆ ಹೊರಟ್ರಾ? ಈ ಸಲ ಹೋದ್ರೆ ನಂಗೊಂದು ಬೆಚ್ಚನೆ ಕಾಲುಚೀಲ ತರೋಕೆ ಹೇಳು. ಹೋದ್ ಸಲ ಏನೂ ತರ್ಲಿಲ್ಲ, ಜಿಪುಣ!"

ಮರುದಿನ ಅವನು ಸತ್ಯವನ್ನು ಹೇಳಲೆಂದೇ ಮಗಳ ಪಕ್ಕದಲ್ಲಿ ಕುಳಿತ. ಅವಳು ಎರಡು ಪೆನ್ಸಿಲುಗಳನ್ನು ಜಪಾನೀಯರು ಉಣ್ಣುವ ಕಡ್ಡಿಗಳಂತೆ ಹಿಡಿದು ರಬ್ಬರಿನ ಚೂರನ್ನು ಎತ್ತಲು ಹೆಣಗುತ್ತಿದ್ದಳು. ಸಣ್ಣ ತಿರುಪುಗಳನ್ನು ಚಿಮಟದಿಂದ ಎತ್ತಿ ಎತ್ತಿ ಪಳಗಿದ ಮೇಸ್ತ್ರಿಯ ಬೆರಳು ಸುಮ್ಮನಿರಲಿಲ್ಲ. ಪೆನ್ಸಿಲು ತೆಗೆದುಕೊಂಡು ಒಂದೇ ಯತ್ನಕ್ಕೆ ರಬ್ಬರನ್ನು ಎತ್ತಿದ. ರಬ್ಬರಿನ ಹಿಂದೆ ಗುಂಡುಸೂಜಿಯನ್ನು, ಗುಂಡುಸೂಜಿಯ ಹಿಂದೆ ಒಂದು ಎಳೆ ದಾರವನ್ನು ಎತ್ತಿದ. ಮಗಳು ಕಣ್ಣರಳಿಸಿದಳು. "ಮೂರು ತಿಂಗಳಲ್ಲಿ ಇಷ್ಟೊಂದು ಕಲಿತ್ಯಾ ಅಪ್ಪ?" ಅಂಥ ಕಣ್ಣುಗಳೆದುರು ಸತ್ಯ ನುಡಿಯುವುದಕ್ಕೆ ಹರಿಶ್ಚಂದ್ರನ ಎದೆ ಬೇಕು, ಮೇಸ್ತ್ರಿಗಿದ್ದದ್ದು ಸಾಮಾನ್ಯ ಅಳತೆಯ ಎದೆ.

ದಾಕ್ಷಿಣ್ಯಕ್ಕೆ ಬಸಿರಾದವನು ಹೆರುವ ಸಿದ್ಧತೆಯನ್ನಾದರೂ ಮಾಡಿಕೊಳ್ಳಬೇಕಲ್ಲವೇ? ಬಸ್ ನಿಲ್ದಾಣದ ಹಿಂದೆ ಹೊಸದಾಗಿ ಒಂದು ಜಪಾನೀ ಊಟದ ಅಂಗಡಿ ತೆರೆದಿತ್ತು. ಅದರ ಒಡತಿ ಆ ದೇಶದಲ್ಲೇ ಹನ್ನೊಂದು ವರ್ಷ ಅಡುಗೆ ಮಾಡಿ ಬಂದವಳು. ಮೇಸ್ತ್ರಿ ಅಲ್ಲಿಗೆ ಹೋಗಿ, ಮೂವತ್ತೆರಡು ಮಕ್ಕಳಿಗೂ ನಾಲ್ವರು ದೊಡ್ಡವರಿಗೂ ಸೇರಿ ಮೂವತ್ತಾರು ಚಿಕ್ಕ ಡಬ್ಬಿಗಳು ಬೇಕೆಂದ.

"ಮಕ್ಕಳಿಗಾ? ಬಹಳ ಸಂತೋಷ!" ಎಂದು ಒಡತಿ ಒದ್ದೆ ಕೈಯೊರೆಸಿಕೊಂಡು ಬಂದಳು. "ಹಾಗಾದ್ರೆ ಖಾರ ಹಾಕಲ್ಲ, ಹಸಿ ಮೀನೂ ಬೇಡ. ಅನ್ನದುಂಡೆ, ಮೊಟ್ಟೆ ಸುರುಳಿ, ಸೌತೆಕಾಯಿ. ಡಬ್ಬಿಲಿ ಏನೇನಿರುತ್ತೆ, ಹೇಗೆ ತಿನ್ಬೇಕು ಅಂತ ಐದು ನಿಮಿಷ ಹೇಳಿಕೊಡ್ತೀನಿ, ಕೂತ್ಕೊಳಿ."

ಆ ಐದು ನಿಮಿಷ ಕುಳಿತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಪಕ್ಕದ ಮೇಜಿನಲ್ಲಿ ನೆರೆಮನೆಯ ದರ್ಜಿ ನೂಡಲ್ಸ್ ಹೀರುತ್ತ ಕುಳಿತಿದ್ದ. ಅವನು ಥಟ್ಟನೆ ತಲೆಯೆತ್ತಿದ: "ಇವ್ರಿಗಾ ಹೇಳಿಕೊಡೋದು? ಅಮ್ಮಾ, ಇವ್ರು ಅಲ್ಲೇ ಇದ್ದೋರು! ನೀವು ಇವ್ರ ಹತ್ರ ಕಲೀಬೇಕು!"

"ಹೌದಾ? ಯಾವ ಊರಲ್ಲಿದ್ರಿ?" ಎಂದು ಒಡತಿ ಹಿಗ್ಗಿ ಕೇಳಿದಳು.

"ಅದು... ಸ್ಟೇಷನ್ ಹತ್ರ," ಎಂದ ಮೇಸ್ತ್ರಿ. "ಹೇಳಿಕೊಡೋದೇನೂ ಬೇಡಮ್ಮ. ನಂಗೆಲ್ಲ ಗೊತ್ತು. ಶುಕ್ರವಾರ ಹನ್ನೊಂದಕ್ಕೆ ಡಬ್ಬಿ ಶಾಲೆಗೆ ಬಂದ್ರೆ ಸಾಕು." ಎಂದವನೇ, ಬಾಗಿಲನ್ನು ಎಳೆಯಬೇಕಾದಲ್ಲಿ ತಳ್ಳಿ, ಎರಡನೆಯ ಯತ್ನಕ್ಕೆ ಹೊರಬಿದ್ದ.

ಶುಕ್ರವಾರ ತರಗತಿಯ ಕೋಣೆಯಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿ ಮಕ್ಕಳನ್ನು ಸಾಲಾಗಿ ಚಾಪೆಯ ಮೇಲೆ ಕೂರಿಸಲಾಗಿತ್ತು. ಕಪ್ಪುಹಲಗೆಯ ಮೇಲೆ ಕೆಂಪು ಸೀಮೆಸುಣ್ಣದ ದುಂಡು ಸೂರ್ಯ. ಎದುರಿಗೆ ಮೂರು ಕುರ್ಚಿಗಳಲ್ಲಿ ತರಗತಿಯ ಟೀಚರ್, ಮುಖ್ಯೋಪಾಧ್ಯಾಯಿನಿ ಮತ್ತು ಶಾಲಾ ಸಮಿತಿಯ ಅಧ್ಯಕ್ಷರು. ಕರೆದಲ್ಲಿಗೆ ಹೋಗಿ ಕೊಟ್ಟದ್ದನ್ನು ಹೊಗಳುವುದು ಅಧ್ಯಕ್ಷರ ವ್ರತ. ಮಗಳು ಮೊದಲ ಸಾಲಿನ ನಡುವೆ ಕುಳಿತು, ಆಚೀಚೆಯ ಮಕ್ಕಳನ್ನು ಆಗಾಗ ತಿವಿಯುತ್ತ, "ನಮ್ಮಪ್ಪ ಕಣೇ" ಎನ್ನುತ್ತಿದ್ದಳು.

ಡಬ್ಬಿಯ ಮುಚ್ಚಳ ತೆರೆದಾಗ ಮೇಸ್ತ್ರಿಗೆ ಮೊದಲು ನೆಮ್ಮದಿಯಾಯಿತು. ಅನ್ನ ಅನ್ನದಂತೆಯೇ ಇತ್ತು, ಮೊಟ್ಟೆ ಮೊಟ್ಟೆಯಂತೆ. ಆದರೆ ಅನ್ನಕ್ಕೂ ಮೊಟ್ಟೆಗೂ ನಡುವೆ ಒಂದು ಎಲೆ ಎದ್ದು ನಿಂತಿತ್ತು: ಅಚ್ಚ ಹಸಿರು, ಕಿರುಬೆರಳಿನಷ್ಟು ಅಗಲ, ಮೇಲಂಚು ಗರಗಸದಂತೆ ಹಲ್ಲುಹಲ್ಲು. ಒಂದರ ರಸ ಇನ್ನೊಂದಕ್ಕೆ ಹತ್ತದಿರಲೆಂದು ಆ ದೇಶದವರು ಡಬ್ಬಿಯೊಳಗೆ ನಿಲ್ಲಿಸುವ ತೆಳು ಪ್ಲಾಸ್ಟಿಕ್ಕಿನ ಅಡ್ಡಗೋಡೆ ಅದು. ತಿಳಿದವರಿಗೆ ಅದು ಗೋಡೆ. ಒಂದು ಬೆನ್ನನ್ನು ಮಾತ್ರ ಕಂಡವನಿಗೆ ಅದು ಸೊಪ್ಪು.

"ಮಾಮ, ಮೊದಲು ಯಾವ್ದು ತಿನ್ಬೇಕು?" ಎಂದು ಹಿಂದಿನ ಸಾಲಿನ ಒಬ್ಬಳು ಕೇಳಿದಳು.

ಗೊತ್ತಿಲ್ಲದವನು ಅನ್ನದಿಂದ ಆರಂಭಿಸುತ್ತಾನೆ. ಗೊತ್ತಿದ್ದವನು ಬೇರೆ ಯಾರಿಗೂ ಹೊಳೆಯದ ಕಡೆಯಿಂದ ಆರಂಭಿಸಬೇಕು ಎಂದು ಮೇಸ್ತ್ರಿಗೆ ತೋರಿತು. ಕಡ್ಡಿಗಳನ್ನು ಜೋಡಿಸಿ ಹಿಡಿದು, ಸೂಜಿಯ ಕಣ್ಣಿಗೆ ದಾರ ಪೋಣಿಸುವ ನಾಜೂಕಿನಿಂದ ಎಲೆಯನ್ನು ಎತ್ತಿದ. ಮಕ್ಕಳು "ಓ!" ಎಂದರು. ಮುಖ್ಯೋಪಾಧ್ಯಾಯಿನಿಯೂ "ಓ" ಎಂದರು.

"ಮೊದಲು ಎಲೆ," ಎಂದ. "ಹಸಿರು ಮೊದಲು ಹೊಟ್ಟೆಗೆ ಹೋಗ್ಬೇಕು. ಅಲ್ಲಿ ಎಲ್ರೂ ಹೀಗೇ." ಎಂದು ಬಾಯಿಗಿಟ್ಟು ಹಲ್ಲೂರಿದ.

ಎಲೆ ಬಾಗಿತು, ಹರಿಯಲಿಲ್ಲ. ದವಡೆಯ ಎಡಕ್ಕೆ ತಳ್ಳಿದ. ಅದು ಬಲಕ್ಕೆ ಪುಟಿಯಿತು. ಬಾಯೊಳಗೆ ಟಿಕ್ ಟಿಕ್ ಎಂಬ ಸದ್ದು ಹುಟ್ಟಿ ಕೋಣೆಯ ನಾಲ್ಕು ಮೂಲೆಗೂ ಕೇಳಿಸಿತು. ನಲವತ್ತು ಸಲ ಅಗಿದ ಮೇಲೆ ಅವನಿಗೆ ಸಂಶಯ ಬಂತು, ಐವತ್ತಕ್ಕೆ ಖಚಿತವಾಯಿತು. ಸತ್ಯಕ್ಕೆ ಇನ್ನೊಂದು ಬಾಗಿಲು ಅಲ್ಲಿ ತೆರೆದಿತ್ತು. "ಅಯ್ಯೋ, ಇದು ತಿನ್ನೋದಲ್ಲ ಮಕ್ಕಳೇ" ಎಂದು ನಕ್ಕುಬಿಟ್ಟಿದ್ದರೆ ಎಲ್ಲರೂ ಜೊತೆಗೆ ನಗುತ್ತಿದ್ದರು. ಆದರೆ ಮೊದಲ ಸಾಲಿನಲ್ಲಿ ಆ ಎರಡು ಕಣ್ಣುಗಳು ರೆಪ್ಪೆ ಬಡಿಯದೆ ನೋಡುತ್ತಿದ್ದವು.

"ನೂರು ಸಲ ಅಗೀಬೇಕು," ಎಂದ ಮೇಸ್ತ್ರಿ, ಬಾಯಿ ತುಂಬಿಕೊಂಡು. "ಅದಕ್ಕೇ ಅಲ್ಲಿಯೋರು ನೂರು ವರ್ಷ ಬದುಕೋದು. ಅಗಿದು, ಆಮೇಲೆ ನುಂಗ್ಬೇಕು."

ಮೂವತ್ತೆರಡು ಮಕ್ಕಳು ಅಗಿಯತೊಡಗಿದರು. ಮಳೆಗಾಲದ ಕಪ್ಪೆಗಳ ಗೋಷ್ಠಿಯಂತೆ ಸದ್ದು ತುಂಬಿತು. ಟೀಚರ್ ಅಗಿದರು. ಮುಖ್ಯೋಪಾಧ್ಯಾಯಿನಿ ಕಟ್ಟಿಸಿಕೊಂಡ ಹಲ್ಲಿನ ಕಡೆಯನ್ನು ಬಿಟ್ಟು ಒಂದೇ ಕಡೆಯಲ್ಲಿ ಅಗಿದರು.

"ಸ್ವಲ್ಪ ಗಟ್ಟಿ ಅಲ್ವಾ?" ಎಂದು ಪಿಸುಗುಟ್ಟಿದರು.

"ವಿದೇಶದ್ದು ಮೇಡಂ," ಎಂದರು ಅಧ್ಯಕ್ಷರು. "ನಮ್ಮ ಬಾಯಿಗೆ ಅಭ್ಯಾಸ ಇಲ್ಲ. ಆದ್ರೆ ಏನು ಸುವಾಸನೆ! ನಾನಂತೂ ನುಂಗೇಬಿಟ್ಟೆ. ಬಹಳ ಚೆನ್ನಾಗಿದೆ."

ಮೇಸ್ತ್ರಿ ಕರವಸ್ತ್ರದಿಂದ ತುಟಿಯೊರೆಸಿಕೊಂಡ. ಒರೆಸುವ ನೆಪದಲ್ಲಿ ಎಲೆಯನ್ನು ಅದರೊಳಗೆ ಇಳಿಸಿ ಜೇಬಿಗೆ ಸೇರಿಸಿದ. ಗುರುವಿನ ಕರವಸ್ತ್ರವನ್ನು ಶಿಷ್ಯರು ನೋಡಲಿಲ್ಲ, ಆದರೂ ಕುರಿಮಂದೆಯಲ್ಲಿ ಮುಂದಿನದು ಹಳ್ಳ ಹಾರಿದರೆ ಹಿಂದಿನವೂ ಹಾರುವಂತೆ ಕೋಣೆಯ ತುಂಬ ಅದೇ ಉಪಾಯ ಹೊಳೆಯಿತು. ಒಂದು ಎಲೆ ಚಾಪೆಯಡಿಗೆ ಹೋಯಿತು, ಒಂದು ಹೂಕುಂಡದ ಮಣ್ಣಿಗೆ, ಒಂದು ಮುಂದಿನವಳ ಜಡೆಗೆ. ಟೀಚರ್ ಹಾಜರಿ ಪುಸ್ತಕವನ್ನು ತೆರೆದು ಮುಚ್ಚಿದರು. ಆಮೇಲೆ ಅನ್ನದುಂಡೆಗಳು ಬಂದವು. ಅವು ನಿಜಕ್ಕೂ ರುಚಿಯಾಗಿದ್ದವು, ಮಕ್ಕಳು ಬೆರಳು ನೆಕ್ಕಿದರು. ಅಧ್ಯಕ್ಷರು ಎದ್ದು, ಎಲೆಯನ್ನು ಕುರಿತು ಆರು ನಿಮಿಷ, ಉಳಿದುದನ್ನು ಕುರಿತು ಒಂದು ನಿಮಿಷ ಭಾಷಣ ಮಾಡಿದರು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಮಗಳ ಚಪ್ಪಾಳೆ ಎಲ್ಲರದೂ ನಿಂತ ಮೇಲೂ ನಡೆದಿತ್ತು.

ಅದೇ ಹೊತ್ತಿಗೆ ಊಟದ ಅಂಗಡಿಯ ಒಡತಿ ಖಾಲಿ ಬುಟ್ಟಿ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡಳು.

"ಮಕ್ಕಳೆಲ್ಲ ತಿಂದ್ರಾ? ಡಬ್ಬಿ ತಗೊಂಡು ಹೋಗ್ತೀನಿ. ಎಲೆಗಳನ್ನ ಬೇರೆ ಇಟ್ಟಿದ್ದೀರಲ್ಲ?"

"ಎಲೆ?" ಎಂದರು ಮುಖ್ಯೋಪಾಧ್ಯಾಯಿನಿ.

"ಹಸಿರು ಪ್ಲಾಸ್ಟಿಕ್ ಎಲೆ ಮೇಡಂ. ಅವು ಇಲ್ಲಿ ಸಿಗಲ್ಲ, ಅಲ್ಲಿಂದ ತಂದಿದ್ದು. ತೊಳೆದು ಮತ್ತೆ ಇಡ್ತೀನಿ. ಮೂವತ್ತಾರು ಇರ್ಬೇಕು."

ಎಲ್ಲರೂ ಮೇಸ್ತ್ರಿಯನ್ನು ನೋಡಿದರು. ಮೇಸ್ತ್ರಿ ಕಪ್ಪುಹಲಗೆಯ ಸೂರ್ಯನನ್ನು ನೋಡಿದ.

"ಯಾಕೆ ಎಲ್ರೂ ಹಿಂಗೆ ನೋಡ್ತಿದ್ದೀರಿ?" ಎಂದು ಕೇಳಿದ ಒಡತಿ ಉತ್ತರವನ್ನು ಮುಖಗಳ ಮೇಲೆಯೇ ಓದಿಕೊಂಡು ಎದೆಗೆ ಕೈಯಿಟ್ಟಳು. "ಅಯ್ಯೋ ದೇವರೇ. ತಿಂದ್ರಾ?"

"ಎಲೆ ಹೊರಗೆ ತೆಗೀರಿ!" ಎಂದು ಮುಖ್ಯೋಪಾಧ್ಯಾಯಿನಿ ಗುಡುಗಿದರು. "ಯಾರಿಗೂ ಬೈಯಲ್ಲ. ಎಲ್ಲ ಎಲೆ ನನ್ನ ಮೇಜಿನ ಮೇಲೆ ಬರ್ಬೇಕು!"

ಎಲೆಗಳು ಬಂದವು. ಚಾಪೆಯಡಿಯಿಂದ, ಕಾಲುಚೀಲದಿಂದ, ಗೋಡೆಯ ಭೂಪಟದ ಹಿಂದಿನಿಂದ, ಜಡೆಯಿಂದ ಬಂದವು. ಹಾಜರಿ ಪುಸ್ತಕವನ್ನು ತೆರೆದು ಟೀಚರ್ ತಮ್ಮದನ್ನು ಇಟ್ಟರು. ಮುಖ್ಯೋಪಾಧ್ಯಾಯಿನಿ ತಮ್ಮ ಕನ್ನಡಕದ ಪೆಟ್ಟಿಗೆಯನ್ನು ತೆರೆದು, ಯಾರ ಮುಖವನ್ನೂ ನೋಡದೆ, ತಮ್ಮದನ್ನೂ ಇಟ್ಟರು. ಕೊನೆಗೆ ಮೇಸ್ತ್ರಿ ಮಕ್ಕಳಿಗೆ ಬೆನ್ನು ತಿರುಗಿಸಿ, ಕರವಸ್ತ್ರವನ್ನು ಬಿಚ್ಚಿ, ತನ್ನದನ್ನು ರಾಶಿಯ ಅಡಿಗೆ ತೂರಿಸಿದ. ಮೂವತ್ತೆರಡು ಮಕ್ಕಳೆದುರು ಅದನ್ನು ಅಗಿದದ್ದಕ್ಕಿಂತ ಇದು ಕಠಿನವಾಗಿತ್ತು.

ಒಡತಿ ಎಣಿಸಿದಳು. "ಮೂವತ್ನಾಲ್ಕು. ಎರಡಿಲ್ಲ."

ಎಲ್ಲರ ದೃಷ್ಟಿಯೂ ಅಧ್ಯಕ್ಷರ ಮೇಲೆ ಬಿತ್ತು. "ಸರ್, ನೀವು ನುಂಗಿದ್ರಿ ಅಂದ್ರಲ್ಲ!" ಎಂದು ಟೀಚರ್ ಗಾಬರಿಯಾದರು.

"ಬೆನ್ನಿಗೆ ಗುದ್ದಿ! ಬಗ್ಗಿಸಿ!" ಎಂದು ಮುಖ್ಯೋಪಾಧ್ಯಾಯಿನಿ ಮುಂದಾದರು.

"ಬೇಡ... ಬೇಡಮ್ಮ, ಗುದ್ದಬೇಡಿ," ಎಂದು ಅಧ್ಯಕ್ಷರು ಗೋಡೆಗೆ ಒರಗಿದರು. ಮುಖ ಬೀಟ್ರೂಟಿನಂತಾಗಿತ್ತು. ಕೋಟಿನ ಒಳಜೇಬಿಗೆ ಕೈಹಾಕಿ, ಪೆನ್ನಿನ ಮುಚ್ಚಳಕ್ಕೆ ಸಿಕ್ಕಿಸಿದ್ದ ಎಲೆಯನ್ನು ಹೊರತೆಗೆದರು. "ಹೊಗಳಿದ್ದು ಮನಸ್ಸಿನಿಂದಲೇ," ಎಂದು ಮೆಲ್ಲನೆ ಸೇರಿಸಿದರು.

"ಮೂವತ್ತೈದು," ಎಂದಳು ಒಡತಿ.

ಟೀಚರ್ ಸಾಲಿನ ಉದ್ದಕ್ಕೂ ನಡೆದು ಕೇಳಿದರು: "ಹೆದರ್ಕೋಬೇಡಿ. ಯಾರಾದ್ರೂ ಎಲೆ ನಿಜವಾಗ್ಲೂ ನುಂಗಿದ್ರಾ?"

ಮೊದಲ ಸಾಲಿನ ನಡುವಿನಿಂದ ಒಂದು ಕೈ ಮೇಲೆದ್ದಿತು. ಅದರಲ್ಲಿ ಅಂಜಿಕೆಯಿರಲಿಲ್ಲ, ಸರಿಯುತ್ತರ ಬಲ್ಲ ಹುಡುಗಿಯ ಕೈ ಹೇಗೆ ನೆಟ್ಟಗಿರುತ್ತದೋ ಹಾಗೆಯೇ ಇತ್ತು.

"ನಾನು ಮಿಸ್," ಎಂದಳು ಮಗಳು. "ನೂರು ಸಲ ಅಗಿದೆ. ಹೋಗ್ಲಿಲ್ಲ. ಆಮೇಲೆ ನಾಲ್ಕು ಮಡಿಕೆ ಮಾಡಿ, ಅನ್ನದ ಜೊತೆ ನೀರು ಕುಡಿದು ನುಂಗ್ದೆ. ಇವ್ರ್ಯಾರೂ ಪೂರ್ತಿ ತಿನ್ಲೇ ಇಲ್ಲ ಮಿಸ್, ನಾನೊಬ್ಳೇ."

ಇಡೀ ಸಭೆಯಲ್ಲಿ ನಂಬಿದವಳು ಅವಳೊಬ್ಬಳೇ. ಆಪ್ತನ ಮಾತು ಪ್ರಮಾಣವೆಂದು ಶಾಸ್ತ್ರ ಹೇಳುತ್ತದೆ. ಆಪ್ತನೇ ತನ್ನ ಪಾಲಿನ ಎಲೆಯನ್ನು ಕರವಸ್ತ್ರಕ್ಕೆ ಉಗಿದಿದ್ದರೆ ಮಗುವಿನ ಗತಿಯೇನೆಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಮೇಸ್ತ್ರಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಶಾಲೆಯ ನೆಲ ಗಟ್ಟಿಯಾಗಿತ್ತು. ಮಗಳನ್ನು ಎತ್ತಿಕೊಂಡು ಓಡಿದ.

ಡಾಕ್ಟರು ವಯಸ್ಸಾದವರು, ಅವಸರವಿಲ್ಲದವರು. ಒಡತಿ ಕೊಟ್ಟು ಕಳಿಸಿದ್ದ ಮಾದರಿ ಎಲೆಯನ್ನು ಬೆಳಕಿಗೆ ಹಿಡಿದರು, ಬಾಗಿಸಿದರು, ಅಂಚನ್ನು ಉಗುರಿನಿಂದ ಗೀರಿ ನೋಡಿದರು. ಮಗಳ ಗಂಟಲು ನೋಡಿದರು, ಹೊಟ್ಟೆ ಒತ್ತಿದರು.

"ಮೆದು ಇದೆ. ತಾನಾಗೇ ಹೊರಗೆ ಬರುತ್ತೆ, ಎರಡು ಮೂರು ದಿನ. ಹೊಟ್ಟೆನೋವು, ವಾಂತಿ ಏನಾದ್ರೂ ಆದ್ರೆ ತಕ್ಷಣ ಕರ್ಕೊಂಡು ಬನ್ನಿ. ಬಂತಾ ಅಂತ ನೋಡ್ತಾ ಇರಿ." ಮೇಸ್ತ್ರಿಯ ಕಡೆ ತಿರುಗಿದರು. "ಈಗ ನೀವು ಮಲಗಿ."

"ನಾನಾ?"

"ನೀವೇ ತಿಂದು ತೋರಿಸಿದ್ದು ಅಂತ ಮಗು ಹೇಳ್ತಲ್ಲ. ನಿಮ್ಮ ಹೊಟ್ಟೆನೂ ನೋಡ್ತೀನಿ."

"ನಂಗೆ... ಪರವಾಗಿಲ್ಲ ಡಾಕ್ಟ್ರೇ."

"ಪರವಾಗಿದೆಯೋ ಇಲ್ವೋ ಹೇಳ್ಬೇಕಾದೋನು ನಾನು. ಶರ್ಟ್ ಮೇಲೆತ್ತಿ."

"ನಾನು ನುಂಗ್ಲಿಲ್ಲ," ಎಂದ ಮೇಸ್ತ್ರಿ.

ಡಾಕ್ಟರು ಪೆನ್ನು ಕೆಳಗಿಟ್ಟರು. ಮಗಳು ಮಂಚದ ಮೇಲಿಂದ ಕಾಲು ಇಳಿಬಿಟ್ಟು ಕುಳಿತಿದ್ದವಳು ಕಾಲಾಡಿಸುವುದನ್ನು ನಿಲ್ಲಿಸಿದಳು.

"ಅಗಿದು ನುಂಗ್ಬೇಕು ಅಂತ ನೀನೇ ಹೇಳಿದ್ಯಲ್ಲಪ್ಪ?"

"ಹೇಳಿದೆ."

"ಜಪಾನಲ್ಲಿ ಎಲ್ರೂ ಹಂಗೇ ಮಾಡ್ತಾರೆ ಅಂದ್ಯಲ್ಲ?"

"ಅಂದೆ ಮರಿ. ಆದ್ರೆ... ನಾನು ನೋಡಿಲ್ಲ. ನಾನು ಅಲ್ಲಿಗೆ ಹೋಗಿಲ್ಲ."

ಅವಳು ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. "ಮೂರು ತಿಂಗಳು ಇರ್ಲಿಲ್ವಾ?"

"ಇಲ್ಲ."

"ಒಂದು ದಿನಾನೂ?"

"ಒಂದು ದಿನಾನೂ ಇಲ್ಲ."

ಡಾಕ್ಟರು ಗೋಡೆಯ ಕ್ಯಾಲೆಂಡರಿನಲ್ಲಿ ಏನನ್ನೋ ಬಹಳ ಆಸ್ಥೆಯಿಂದ ಓದುತ್ತಿದ್ದರು. ಮಗಳು ಅಳಲಿಲ್ಲ, ಕೂಗಲಿಲ್ಲ. ತನ್ನ ಹೊಟ್ಟೆಯ ಮೇಲೆ ಅಂಗೈಯಿಟ್ಟುಕೊಂಡು ಕೇಳಿದಳು: "ಹಂಗಾದ್ರೆ ಇದನ್ನ ನಾನು ಯಾಕೆ ನುಂಗ್ದೆ?"

ಮೇಸ್ತ್ರಿ ಬಗ್ಗಿ, ಮಂಚದಡಿಯಿಂದ ಅವಳ ಚಪ್ಪಲಿಗಳನ್ನು ಎಳೆದು ಒಂದೊಂದಾಗಿ ಅವಳ ಕಾಲಿಗೆ ತೊಡಿಸಿದ.

ಮುಂದಿನ ಎರಡು ದಿನ ಬೀದಿಗೆ ಬೇರೆ ಸುದ್ದಿಯೇ ಬೇಕಿರಲಿಲ್ಲ. ಬೆಳಿಗ್ಗೆ ಹಲ್ಲುಜ್ಜುತ್ತಲೇ ದರ್ಜಿ ಗೋಡೆಯಾಚೆಯಿಂದ ಕೇಳಿದ: "ಬಂತಾ?"

"ಇನ್ನೂ ಇಲ್ಲ."

"ಅಲ್ಲಿ ಸ್ಟೇಷನ್ ಹತ್ರ ಇದ್ದೋರಿಗೆ ಇಷ್ಟೂ ಗೊತ್ತಿರ್ಲಿಲ್ವಾ ಮೇಸ್ತ್ರಿ?"

ಮುಖ್ಯೋಪಾಧ್ಯಾಯಿನಿ ದಿನಕ್ಕೆ ಎರಡು ಸಲ ಫೋನು ಮಾಡಿದರು. ಅಧ್ಯಕ್ಷರು ತಮ್ಮ ಭಾಷಣದ ವಿಷಯ ಪತ್ರಿಕೆಗೆ ಹೋಗದಂತೆ ನೋಡಿಕೊಳ್ಳಬೇಕೆಂದು ಹೇಳಿಕಳಿಸಿದರು. ಒಡತಿ ಮಗುವಿಗೆಂದು ಬಿಸಿ ಗಂಜಿ ತಂದುಕೊಟ್ಟು, ಹೊಸಿಲು ದಾಟುವಾಗ ತಿರುಗಿ, "ಆ ಎಲೆ ಸಿಕ್ಕಿದ್ರೆ ನಂಗೆ ವಾಪಸ್ ಬೇಡ" ಎಂದಳು. ಅತ್ತೆಗೆ ಮಾತ್ರ ವಿಷಯ ತಡವಾಗಿ ಅರ್ಥವಾಯಿತು. "ಹೋಗೇ ಇರ್ಲಿಲ್ವಾ? ಪಾಪ, ಅದಕ್ಕೇ ಕಾಲುಚೀಲ ತರ್ಲಿಲ್ಲ. ನಾನು ಸುಮ್ನೆ ಬೈಕೊಂಡೆ ಕಣೇ" ಎಂದರು. ಬೈಗುಳಕ್ಕಿಂತ ಆ ಪಾಪವೇ ಅವನಿಗೆ ಹೆಚ್ಚು ಚುಚ್ಚಿತು.

ಮೂರನೆಯ ದಿನ ಬೆಳಿಗ್ಗೆ ಎಲೆ ಬಂತು. ಹೆಂಡತಿ ಬಚ್ಚಲಿನಿಂದ ಅದನ್ನು ಸಾರಿದಾಗ ಇಡೀ ಬೀದಿ ದೇವರಿಗೆ ಕೈಮುಗಿಯಿತು. ಮೇಸ್ತ್ರಿ ಅಂದೇ ಶಾಲೆಗೆ ಹೋಗಿ ಮೂರನೆಯ ತರಗತಿಯ ಮುಂದೆ ನಿಂತು, ತಾನು ಜಪಾನು ಕಂಡವನಲ್ಲ, ಎಲೆ ತಿನ್ನುವಂಥದಲ್ಲ, ಅದು ಗೊತ್ತಾದ ಮೇಲೂ ಸುಮ್ಮನಿದ್ದೆ, ತಪ್ಪಾಯಿತು ಎಂದು ಹೇಳಿದ. ಮಕ್ಕಳು ಗಂಭೀರವಾಗಿ ಕೇಳಿಸಿಕೊಂಡರು. ಒಬ್ಬಳು ಎದ್ದು, "ಮಾಮ, ಆ ಮೊಟ್ಟೆನಾದ್ರೂ ನಿಜವಾದ ಮೊಟ್ಟೆನಾ?" ಎಂದು ಕೇಳಿದಳು. ಅದು ಮೊಟ್ಟೆಯೇ ಎಂದು ಮೇಸ್ತ್ರಿ ಹೇಳಿದ. ಮಕ್ಕಳು ಖಾತರಿಗಾಗಿ ಟೀಚರ್ ಮುಖ ನೋಡಿದರು.

ಅಂದು ರಾತ್ರಿಯ ಊಟಕ್ಕೆ ನಾಲ್ವರೂ ಕುಳಿತಿದ್ದರು. ಮಗಳು ಶಾಲೆಯ ವಿಷಯ, ಬಿದ್ದುಹೋದ ಹಲ್ಲಿನ ವಿಷಯ, ಎಲ್ಲವನ್ನೂ ಎಂದಿನಂತೆಯೇ ಹರಟಿದಳು. ಮುನಿಸಿನ ಸುಳಿವೂ ಇರಲಿಲ್ಲ. ಮೇಸ್ತ್ರಿಗೆ ಜೀವ ಬಂದಂತಾಯಿತು. ಬೇಯಿಸಿದ ಬೀನ್ಸಿನ ಬಟ್ಟಲನ್ನು ತಾನೇ ಎತ್ತಿಕೊಂಡು, ಅವಳ ತಟ್ಟೆಗೆ ತನ್ನ ಕೈಯಾರೆ ಎರಡು ಚಮಚ ಬಡಿಸಿದ.

"ತಿನ್ನು ಮರಿ," ಎಂದ.

ಮಗಳು ಒಂದು ಹೋಳನ್ನು ಎತ್ತಿಕೊಂಡಳು. ಬೆರಳಿನಲ್ಲಿ ಬಾಗಿಸಿದಳು. ದೀಪಕ್ಕೆ ಹಿಡಿದು ಆಚೀಚೆ ತಿರುಗಿಸಿ ನೋಡಿದಳು. ಆಮೇಲೆ, ಯಾರನ್ನೂ ನೋಯಿಸುವ ಉದ್ದೇಶವಿಲ್ಲದ, ಎಲ್ಲಿಯಾದರೂ ದಾರಿ ಕೇಳುವಾಗ ಇರುವಂಥ ಸರಳವಾದ ದನಿಯಲ್ಲಿ ಕೇಳಿದಳು:

"ಅಮ್ಮಾ, ಇದು ತಿನ್ನೋದಾ?"

"ಹೂಂ, ತಿನ್ನೋದೇ," ಎಂದಳು ಅಮ್ಮ.

ಮಗಳು ತಿಂದಳು. ಮೇಸ್ತ್ರಿ ಬಟ್ಟಲನ್ನು ಸದ್ದಾಗದಂತೆ ಕೆಳಗಿಟ್ಟು, ತನ್ನ ತಟ್ಟೆಯ ಮೇಲೆ ತಲೆ ಬಗ್ಗಿಸಿದ.